ನನ್ನ ಹೊಟ್ಟೆಯ ಮೇಲಿನ ಚೀಲ ಮಹಾಶಯರಿಗೆ

ಮಾನ್ಯರೇ,

ನನ್ನ ಹೊಟ್ಟೆಯ ಬಲಮಗ್ಗುಲಲ್ಲಿ, ಅಂಗಿಯ ಮರೆಯಲ್ಲಿ, ಬಾಡಿಗೆಯ ಮಾತೇ ಎತ್ತದೆ ವಾಸವಾಗಿರುವ ತಮಗೆ ಈ ದರ್ಜಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದದ್ದು ಬರಿಯ ಮರ್ಯಾದೆಗೆ. ತಮ್ಮನ್ನು ಅಡಿಗೆ ಹಾಕಿಕೊಂಡು ಬೋರಲು ಮಲಗುವ ಧೈರ್ಯ ನನಗೆಲ್ಲಿಂದ ಬರಬೇಕು?

ಕೆಟ್ಟ ಕರುಳನ್ನು ಕತ್ತರಿಸಿ ತೆಗೆದ ವೈದ್ಯರು, ಉಳಿದದ್ದರ ತುದಿಯನ್ನು ಹೊಟ್ಟೆಯ ಮೇಲೆ ಕೆಂಪು ಗುಂಡಿಯ ಹಾಗೆ ಕೂರಿಸಿ, ಅಲ್ಲಿಂದ ಬರುವುದನ್ನೆಲ್ಲ ಹಿಡಿದಿಡುವ ಹೊಣೆಯನ್ನು ತಮಗೆ ಒಪ್ಪಿಸಿದರು. ಆದರೆ ತಮ್ಮದು ಕೊಡುಗೈ. ಹಿಡಿದಿಡುವುದು ಜಿಪುಣರ ಕೆಲಸವೆಂದು ಬಗೆದು ಹಾಸಿಗೆಗೆ, ಬಸ್ಸಿನ ಸೀಟಿಗೆ, ನನ್ನ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿಗೆ ಭೇದವೆಣಿಸದೆ ದಾನ ಮಾಡಿದಿರಿ. ಕಳೆದ ವಾರವಂತೂ, ಶಾಲೆಯ ನಾಟಕಕ್ಕೆಂದು ನಾನೇ ಹೊಲಿದ ರಾಣಿಯ ನಿಲುವಂಗಿ ತೊಟ್ಟು ಮೊಮ್ಮಗಳು ನನ್ನ ತೊಡೆ ಏರಿದ ಕ್ಷಣದಲ್ಲೇ ತಮ್ಮ ಔದಾರ್ಯ ಉಕ್ಕಿತು.

"ತೊಳೆದ್ರೆ ಹೋಗತ್ತೆ ಬಿಡು ತಾತ" ಎಂದಿತು ಮಗು. ನಾಟಕಕ್ಕೆ ಬರುವುದಿಲ್ಲವೆಂದೆ. "ನೀನು ಮುಂದಿನ ಸಾಲಲ್ಲಿ ಕೂರಲ್ಲ ಅಂದ್ರೆ ನಾನು ಸ್ಟೇಜೇ ಹತ್ತಲ್ಲ" ಎಂದು ಕಿರೀಟ ಕಿತ್ತೆಸೆಯಿತು. ಮಹಾಶಯರೇ, ಅಂದು ನನ್ನ ಹೊಟ್ಟೆಗಿಂತ ಎದೆ ಹೆಚ್ಚು ಉರಿಯಿತು.

ಹೊಟ್ಟೆಯ ಉರಿಯೂ ಕಡಿಮೆಯದಲ್ಲ. ಗುಂಡಿಯ ಸುತ್ತ ಚರ್ಮ ಸುಲಿದು ಕೆಂಪಾಗಿತ್ತು. ಎಣ್ಣೆ ಸವರಿದೆ, ಜಾರಿದಿರಿ. ಟೇಪು ಸುತ್ತಿದೆ, ಅದರಡಿಯಲ್ಲೇ ಸೋರಿದಿರಿ. "ಸೋರೋದನ್ನ ಮುಚ್ಚಿಟ್ರೆ ಒಳಗಿನ ಚರ್ಮದ ಗತಿ ಏನ್ರೀ? ನರ್ಸಮ್ಮನ ಹತ್ರ ನಡೀರಿ" ಎಂದು ನನ್ನವಳು ಎಳೆದೊಯ್ದಳು.

ನರ್ಸಮ್ಮ ಗುಂಡಿಗೆ ತೂತುಗಳ ಅಳತೆಪಟ್ಟಿ ಹಿಡಿದು ನೋಡಿ, "ಚೀಲದ ಬಾಯನ್ನ ಯಾವ ಅಳತೆಗೆ ಕತ್ತರಿಸ್ತಿದ್ದೀರಿ?" ಎಂದರು. ಆಸ್ಪತ್ರೆಯಿಂದ ಬಂದ ದಿನದ ಅಳತೆಗೆ. ಜೊತೆಗೆ, ಬಿಗಿಯಾಗದಿರಲೆಂದು ಕಸುಬಿನ ಅಭ್ಯಾಸದಂತೆ ಸುತ್ತಲೂ ಒಂದಿಷ್ಟು ಸಡಿಲ ಬಿಟ್ಟು! ಊತ ಇಳಿದು ಗುಂಡಿ ಚಿಕ್ಕದಾಗಿತ್ತಂತೆ, ತಮ್ಮ ಬಾಯಿಯ ಕಾಜ ಮಾತ್ರ ದೊಡ್ಡದೇ ಉಳಿದಿತ್ತಂತೆ. ನಡುವೆ ಬಯಲಾದ ಚರ್ಮವನ್ನು ಮಲ ತಿನ್ನುತ್ತಿತ್ತಂತೆ. ನನ್ನವಳು ಹೊಟ್ಟೆ ಹಿಡಿದು ನಕ್ಕಳು: "ಹಳೇ ಅಳತೆಗೇ ಹೊಲೀರಿ ಅಂದ ಗಿರಾಕಿಗಳಿಗೆ ಮಂಗಳಾರತಿ ಎತ್ತೋರು ನೀವೇ ತಾನೆ!"

ಹೀಗಾಗಿ ತಮ್ಮ ಮೇಲಿನ ಅರ್ಧ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಈಗ ಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಗುಂಡಿಯನ್ನು ಹೊಸದಾಗಿ ಅಳೆದು, ಅದರ ಅಂಚಿಗೆ ತೀರ ಹತ್ತಿರವಾಗಿ ಕಾಜ ಕತ್ತರಿಸಿ, ಅಂಗೈ ಬಿಸಿಯಲ್ಲಿ ತಮ್ಮನ್ನು ಅಂಟಿಸುತ್ತೇನೆ; ಮೂರನೇ ಒಂದು ಪಾಲು ತುಂಬುವಷ್ಟರಲ್ಲಿ ಖಾಲಿ ಮಾಡುತ್ತೇನೆ. ಚರ್ಮ ಮಾಯುತ್ತಿದೆ. ಉಳಿದರ್ಧ ದೂರಿನ ಸಂಬಂಧ ಕೋರಿಕೆಯಿಷ್ಟೇ: ಸೋರುವ ಮನಸ್ಸಾದರೆ ಲಿಖಿತ ನೋಟಿಸು ಕೊಡಿ; ಯೋಗ್ಯ ಕಾರಣ ತೋರಿಸಿ; ರಾಣಿಯ ಮಾತು ಮುಗಿಯುವ ತನಕ ತಡೆಯಿರಿ. ನಾಟಕ ನಾಳೆ.

ವಿಶ್ವಾಸ ಇನ್ನೂ ಪೂರ್ತಿ ಕುದುರದಿದ್ದರೂ,
ತಮ್ಮ ವಿಶ್ವಾಸಿ,
ದರ್ಜಿ

ವಿ.ಸೂ.: ನಾಳೆ ಬಾಗಿಲ ಬಳಿಯ ಕುರ್ಚಿಯಲ್ಲಲ್ಲ, ಮುಂದಿನ ಸಾಲಿನ ನಟ್ಟನಡುವೆ, ಬಿಳಿ ಪ್ಯಾಂಟು ತೊಟ್ಟೇ ಕೂರುತ್ತೇನೆ. ನನ್ನವಳ ಕೈಚೀಲದಲ್ಲಿ, ಸರಿಯಾದ ಅಳತೆಗೆ ಕತ್ತರಿಸಿಟ್ಟ ತಮ್ಮ ತಮ್ಮನೊಬ್ಬ ಕುಳಿತಿರುತ್ತಾನೆ. ತಮ್ಮ ಜಾಗದ ಮೇಲೆ ಅವನಿಗೆ ಬಹಳ ದಿನಗಳಿಂದ ಕಣ್ಣು.