ಶನಿಯ ಬಳೆ ಮತ್ತು ಸುಬೇದಾರರ ಪೀಚೆಕತ್ತಿ

ಪುಸ್ತಕ ಓದುವುದಕ್ಕಿಂತ ಇನ್ನೊಬ್ಬರಿಗೆ ಓದಿ ಎಂದು ಹೇಳುವುದರಲ್ಲಿ ಸುಖ ಹೆಚ್ಚು. ಈ ಚಟ ನನಗೆ ಅಂಟಿದ್ದು ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ, ಮೂರ್ನಾಡಿನ ಕಡೆ ಒಂದು ಶಾಲೆಯಲ್ಲಿ ಹಂಗಾಮಿ ಮೇಷ್ಟ್ರಾಗಿ ಪುಸ್ತಕದ ಬೀರುವಿನ ಬೀಗದಕೈ ಇಟ್ಟುಕೊಂಡಿದ್ದಾಗ. ಅದರಲ್ಲಿ ಯಾರೋ ತೋಟದ ದೊರೆ ಸ್ವದೇಶಕ್ಕೆ ಹೊರಡುವಾಗ ಕೊಟ್ಟುಹೋದ ಖಗೋಳದ ಪುಸ್ತಕಗಳಿದ್ದವು. ಗ್ರಹಗಳಿಗೆ ಇದು, ನಕ್ಷತ್ರಗಳಿಗೆ ಅದು, ದೂರದರ್ಶಕ ಕೊಳ್ಳುವವರಿಗೆ ನೀಲಿ ರಟ್ಟಿನದು ಎಂದು ಬೆನ್ನಿನ ಮೇಲಿನ ಹೆಸರು ನೋಡಿಯೇ ಶಿಫಾರಸು ಮಾಡುತ್ತಿದ್ದೆ.

ಶಾಲೆಯ ಕಮಿಟಿ ಅಧ್ಯಕ್ಷರು ಒಬ್ಬ ನಿವೃತ್ತ ಸುಬೇದಾರರು. ನನ್ನನ್ನು ಕಾಯಂ ಮಾಡುವ ಕಾಗದ ಅವರ ಸಹಿಗೆ ಕಾದಿತ್ತು. ದೂರದರ್ಶಕ ತರಿಸಬೇಕು, ಮೊದಲು ಓದಲು ಏನಾದರೂ ಕೊಡಿ ಎಂದರು. ನೀಲಿ ರಟ್ಟಿನದನ್ನು ಕೊಟ್ಟು, "ಶನಿಯ ಬಳೆಯ ಅಧ್ಯಾಯ ಓದಿ ನನಗೆ ಕಣ್ಣೀರೇ ಬಂತು ಸಾರ್" ಎಂದೆ. ವಾರದ ಮೇಲೆ ಬೀರುವಿನಲ್ಲೇ ಉಳಿದಿದ್ದ ಅದರ ಎರಡನೇ ಭಾಗದ ದೂಳು ಒರೆಸುತ್ತ ನೋಡುತ್ತೇನೆ, ಹಾಳೆಗಳ ಅಂಚು ಕೂಡಿಕೊಂಡೇ ಇವೆ! ಅಚ್ಚಿನವರು ಮಡಿಕೆ ಕತ್ತರಿಸದೆ ಬಿಟ್ಟಿದ್ದರು, ಓದುವವನೇ ಬಿಡಿಸಿಕೊಳ್ಳಬೇಕು. ಮೊದಲನೇ ಭಾಗವೂ ಹಾಗೇ ಇದ್ದೀತಲ್ಲ! ಆಮೇಲೆ ಬೂಟಿನ ಸದ್ದು ಕೇಳಿದಾಗಲೆಲ್ಲ ಕೆಲಸ ಹೋಯಿತೆಂದೇ ಎಣಿಸುತ್ತಿದ್ದೆ.

ಭಾನುವಾರ ಮಧ್ಯಾಹ್ನ ನಾನು ಶಾಲೆಯಲ್ಲಿ ಬೀರು ಜೋಡಿಸುತ್ತಿದ್ದಾಗ ಬಂದೇಬಿಟ್ಟರು. ಮದುವೆಮನೆಯಿಂದ ನೇರವಾಗಿ, ಕಪ್ಪು ಕುಪ್ಯದ ನಿಲುವಂಗಿ ತೊಟ್ಟು, ಸೊಂಟಕ್ಕೆ ಬೆಳ್ಳಿ ಹಿಡಿಯ ಪೀಚೆಕತ್ತಿ ಸಿಕ್ಕಿಸಿಕೊಂಡು. ಪುಸ್ತಕವನ್ನು ಮೇಜಿನ ಮೇಲಿಟ್ಟು ಬಾಗಿಲು ಹಾಕಿದರು.

"ಮೇಷ್ಟ್ರೇ, ಶನಿಯ ಅಧ್ಯಾಯ ತೆಗೀರಿ."

ಹಾಳೆ ಬಿಡಲಿಲ್ಲ. ಸುಬೇದಾರರು ಕತ್ತಿ ಹಿರಿದರು. ನಾನು ಗೋಡೆಗೆ ಅಂಟಿಕೊಂಡೆ.

"ಹೆದರ್ಬೇಡಿ, ಕೂತ್ಕೊಳ್ಳಿ." ಅವರು ಕಿಟಕಿಯಲ್ಲಿ ಇಣುಕಿ ರಸ್ತೆ ನೋಡಿದರು. "ನೀವೂ ಓದಿಲ್ಲ, ನಾನೂ ಓದಿಲ್ಲ. ಬೀಗರ ಮುಂದೆ 'ಈ ಬುಕ್ಕು ಪೂರಾ ಓದಿದ್ದೀನಿ, ನೀವೂ ಓದ್ಲೇಬೇಕು' ಅಂದುಬಿಟ್ಟೆ. ಈಗ್ಲೇ ಕೊಡಿ ಅಂತ ಹಿಂದೇನೇ ಬರ್ತಿದ್ದಾರೆ. ಜೀಪಲ್ಲಿ ತೆಗೆದು ನೋಡಿದ್ರೆ ಈ ಅವಸ್ಥೆ! ಬುಕ್ಕು ಸ್ಕೂಲಲ್ಲಿದೆ ಅಂತ ಸುಳ್ಳು ಹೇಳಿ ಮುಂದೆ ಓಡಿಬಂದೆ. ನೀವು ಹಾಳೆ ಹಿಡ್ಕೊಳ್ಳಿ, ನಾನು ಕುಯ್ತೀನಿ."

ಹಿಡಿದುಕೊಂಡೆ. ಚಂದ್ರ ಮುಗಿಯಿತು, ಮಂಗಳ ಮುಗಿಯಿತು. ಗುರುವಿನ ನಡುವೆ ಹೊರಗೆ ಇನ್ನೊಂದು ಜೀಪು ನಿಂತಿತು. ಕತ್ತಿ ಇನ್ನೂ ಚುರುಕಾಯಿತು. ಬೀಗರು ಬಾಗಿಲು ತಟ್ಟುವುದಕ್ಕೂ ಕೊನೆಯ ಹಾಳೆ ಬಿಡುವುದಕ್ಕೂ ಸರಿಹೋಯಿತು.

ಅವರು ಪುಸ್ತಕ ಒಯ್ದ ಮೇಲೆ ಸುಬೇದಾರರು ಬೆವರು ಒರೆಸಿಕೊಂಡು ನನ್ನ ಕೈಯಲ್ಲೇ ಕಾಯಂ ಕಾಗದ ತರಿಸಿದರು. ಸಹಿ ಹಾಕಿ ಕೆಳಗೆ ಒಂದು ಸಾಲನ್ನೂ ಸೇರಿಸಿದರು: 'ಬಹಳ ಓದಿಕೊಂಡವರು.' ನಾನು ಪುಸ್ತಕಗಳನ್ನು ಶಿಫಾರಸು ಮಾಡುತ್ತಿದ್ದ ರೀತಿಯಲ್ಲೇ ಅವರೂ ನನ್ನನ್ನು ಶಿಫಾರಸು ಮಾಡಿದ್ದರು.