ಬಿಳಿ ಮಷೀನು, ಕರಿ ಮಷೀನು

ಧರ್ಮರಾಜನ ಮಷೀನು ಬಿಳಿ, ಪಕ್ಕದ ಮನೆಯ ಗಂಗಾರಾಮನದು ಕರಿ. ಎರಡರ ಕೆಲಸವೂ ಒಂದೇ: ತಿನಿಸು ತುಂಬಿದ ಪ್ಲಾಸ್ಟಿಕ್ ಚೀಲದ ಗಾಳಿಯನ್ನೆಲ್ಲ ಹೀರಿ, ಚೀಲದ ಬಾಯಿಗೆ ಬೆಸುಗೆ ಹಾಕುವುದು. ಇಬ್ಬರೂ ಜಮಖಂಡಿಯ ಒಂದೇ ಅಂಗಡಿಯಲ್ಲಿ ಕೊಂಡಿದ್ದರು. ಆ ಭಾನುವಾರ ಮುಂಜಾನೆ ಗಂಗಾರಾಮ ಗೋಡೆಯಾಚೆಯಿಂದ, "ನಿಮ್ಮದು ನೋಡಾಕ ಛಲೋ ಐತ್ರಿ. ಗಾಳಿ ಎಳಿಯೂದು ಮಾತ್ರ ನಮ್ಮದ" ಎಂದದ್ದೇ ಎಲ್ಲಕ್ಕೂ ಮೂಲವಾಯಿತು.

ಬನಹಟ್ಟಿಯ ಆ ಓಣಿಗೆ ಮಿಕ್ಸರು, ವಾಷಿಂಗ್ ಮಷೀನು, ಏನೇ ಬಂದರೂ ಮೊದಲು ಬಂದದ್ದು ಧರ್ಮರಾಜನ ಮನೆಗೆ. ಸಕ್ಕರೆ ಕಾರ್ಖಾನೆಯ ಗುಮಾಸ್ತನಾದ ಅವನಿಗೆ ಪಗಾರಕ್ಕಿಂತ ಈ ಹೆಸರಿನ ಮೇಲೇ ಹೆಚ್ಚು ಹೆಮ್ಮೆ. ಮಾತಿಗೆ ಮಾತು ಬೆಳೆದು ಓಣಿಯೆಲ್ಲ ಕೂಡಿತು.

ಎದುರು ಮನೆಯ ಮರೆವ್ವನಿಗೆ ಇದು ಅನುಕೂಲವೇ ಆಯಿತು. ಅವಳ ಮಗ ಮಾಳಿಂಗರಾಯ ಗಡಿ ಕಾಯುವ ಸೈನಿಕ. ರಜೆ ಮುಗಿಸಿ ಮರುದಿನ ಹೊರಡುವವನಿದ್ದ. ಹೋದ ಸಲ ಅವಳು ಕಟ್ಟಿಕೊಟ್ಟ ಶೇಂಗಾ ಹೋಳಿಗೆಗೆ ಅಲ್ಲಿ ಮುಟ್ಟುವಷ್ಟರಲ್ಲಿ ಬೂಷ್ಟು ಹಿಡಿದಿತ್ತು. ಮಗ ಅದನ್ನೂ ಒರೆಸಿಕೊಂಡು ತಿಂದನಂತೆ. ಹಾಗಾಗಿ ಪರೀಕ್ಷೆಯನ್ನು ಅವಳೇ ಗೊತ್ತು ಮಾಡಿದಳು. ಎರಡೂ ಚೀಲ ತನ್ನ ನೀರಿನ ಪೀಪಾಯಿಯಲ್ಲಿ ಮುಳುಗಲಿ. ನೀರು ಹೊಗದ ಚೀಲ ಗೆದ್ದಂತೆ, ಗೆದ್ದವರೇ ತನ್ನ ಹೋಳಿಗೆ ಕಟ್ಟಿಕೊಡಬೇಕು.

ಧರ್ಮರಾಜ ಮನೆಗೆ ಬಂದು ಅಭ್ಯಾಸಕ್ಕೆ ಕುಳಿತ. ಮೊದಲು ಚುರುಮುರಿ ತುಂಬಿದ. ಮಷೀನು ಏರು ಹತ್ತುವ ಕಬ್ಬಿನ ಟ್ರ್ಯಾಕ್ಟರಿನಂತೆ ಗುರುಗುಟ್ಟಿತು, ಚೀಲ ಪೂರಿಯಂತೆ ಉಬ್ಬಿಯೇ ಉಳಿಯಿತು. ಆಮೇಲೆ ಶೇಂಗಾ ಚಟ್ನಿ. ಈ ಸಲ ಅದು ಗಾಳಿಯನ್ನು ಬಿಟ್ಟು ಚಟ್ನಿಯನ್ನೇ ಹೀರಿ, ಹಿಂದಿನ ತೂತಿನಿಂದ ಅವನ ಮುಖಕ್ಕೆ ಉಗುಳಿತು. ಕಣ್ಣೆಲ್ಲ ಖಾರ. ಹಾಗೇ ತಡಕಾಡುತ್ತ ಮನೆಯಲ್ಲಿದ್ದ ಎರಡು ಹೋಳಿಗೆಗಳನ್ನು ಚೀಲಕ್ಕೆ ಹಾಕಿ ಗುಂಡಿ ಒತ್ತಿ, ಅದನ್ನು ಹೆಂಡತಿ ಸರಿತಾಳ ಕೈಗೆ ಕೊಟ್ಟು ಬಚ್ಚಲಿಗೆ ಓಡಿದ. ಮುಖ ತೊಳೆದು ಬರುವಷ್ಟರಲ್ಲಿ ಚೀಲ ಕಲ್ಲಿನಂತೆ ಬಿಗಿದು ಕುಳಿತಿತ್ತು. ಅದನ್ನು ಎದೆಗೆ ಅವಚಿಕೊಂಡು ಹೊರಟ.

ಗಂಗಾರಾಮ ಗರಿಗರಿ ಒಣಗಿದ ಸಜ್ಜಿ ರೊಟ್ಟಿ ಕಟ್ಟಿ ತಂದಿದ್ದ. ಮಷೀನು ಎಳೆದ ರಭಸಕ್ಕೆ ರೊಟ್ಟಿಯ ಚೂಪು ಅಂಚು ಚೀಲವನ್ನೇ ಚುಚ್ಚಿತ್ತು. ಪೀಪಾಯಿಯಿಂದ ತೆಗೆದಾಗ ಒಳಗೆ ಅಂಬಲಿ. ಧರ್ಮರಾಜನ ಚೀಲ ಕತ್ತರಿಸಿದಾಗ ಹೋಳಿಗೆ ಈಗಷ್ಟೇ ಹಂಚಿನಿಂದ ಇಳಿದಂತೆ ಒಣಗಿತ್ತು. ಮರೆವ್ವ ಒಂದು ತುಂಡು ಮುರಿದು ತಿಂದು, "ಇದು ಖರೆ ಮಷೀನ್ ನೋಡಪಾ" ಎಂದಳು.

ಧರ್ಮರಾಜ ಒಂದು ಗೇಣು ಎತ್ತರ ಬೆಳೆದಂತಾದ. ಯಾರೂ ಕೇಳದಿದ್ದರೂ ಮಷೀನಿನ ಗುಣ ವರ್ಣಿಸಿದ. ಓಣಿಯ ಯಾರ ಮನೆಯ ತಿನಿಸಿದ್ದರೂ ತರಲಿ, ಸೈನಿಕನ ಬುತ್ತಿಗಂತೂ ತಾನೇ ಜವಾಬ್ದಾರಿ ಎಂದು ಘೋಷಿಸಿದ. ಗಂಗಾರಾಮ ತನ್ನ ಮಷೀನನ್ನು ಬೈಕಿಗೆ ಕಟ್ಟಿಕೊಂಡು ಎತ್ತಲೋ ಹೋದ. ನಾಚಿಕೆಗೆ ಮುಖ ಮರೆಸಿಕೊಂಡನೆಂದು ಧರ್ಮರಾಜ ಮೀಸೆ ನೇವರಿಸಿಕೊಂಡ.

ಮಧ್ಯಾಹ್ನ ಮರೆವ್ವ ಬುಟ್ಟಿ ತುಂಬ ಹೋಳಿಗೆ ತಂದು ಕಟ್ಟೆಯ ಮೇಲಿಟ್ಟಳು. ಧರ್ಮರಾಜ ಒಂದು ಚೀಲ ಕಟ್ಟಿದ, ಉಬ್ಬಿತು. ಇನ್ನೊಂದು ಕಟ್ಟಿದ, ಅದೂ ಉಬ್ಬಿತು. ಸರಿತಾ ಅವನನ್ನು ಅಡುಗೆಮನೆಗೆ ಕರೆದಳು.

"ಮುಂಜಾನಿದೂ ಹಿಂಗ ಉಬ್ಬಿತ್ರಿ. ನೀವು ಮಾರಿ ತೊಳಿಯಾಕ ಹೋದಾಗ ಗಂಗಾರಾಮಣ್ಣ ಮನ್ಯಾಗ ಇರಲಿಲ್ಲ, ಹಿತ್ತಲ ಬಾಗಿಲ ತೆರದಿತ್ತು. ಅವರ ಮಷೀನಿನ್ಯಾಗ ಕಟ್ಟಿಕೊಂಡ ಬಂದೆ. ನಿಮ್ಮ ಮಾನ ಹೋಗಬಾರದಂತ."

ಧರ್ಮರಾಜನ ಎತ್ತರವೆಲ್ಲ ಇಳಿಯಿತು. ಆದರೆ ಗಡಿಯಲ್ಲಿ ಬೂಷ್ಟು ಒರೆಸುವ ಹುಡುಗ ಕಣ್ಣೆದುರು ಬಂದ. ಮಾನ ಹೋದರೆ ಹೋಗಲಿ, ಕರಿ ಮಷೀನು ಬೇಡಿ ತರುವುದೇ ಸರಿ ಎಂದುಕೊಂಡು ಹೊರಗೆ ಬಂದ. ಅಷ್ಟರಲ್ಲಿ ಗಂಗಾರಾಮನ ಬೈಕು ಬಂದು ನಿಂತಿತು.

"ಸೋತಿದ್ದು ಸೋತಂಗ ಒಪ್ಪಕೋಬೇಕ್ರಿ," ಎಂದ ಗಂಗಾರಾಮ, ಹೊಸ ಡಬ್ಬಿಯ ಹಗ್ಗ ಬಿಚ್ಚುತ್ತ. "ಕರೇದನ್ನ ಅಂಗಡಿಯವಗ ವಾಪಸ್ ಕೊಟ್ಟೆ. ಅಂವ ಅದನ್ನ ನಿಂತ ಕಾಲಮ್ಯಾಲ ಯಾರಿಗೋ ಮಾರಿದಾ. ನಾನೂ ನಿಮ್ಮಂಥಾ ಬಿಳೇದ ತಂದೇನಿ. ಬರ್ರಿ, ಇಬ್ಬರೂ ಕೂಡಿ ಕಟ್ಟೂಣು."

ಕಟ್ಟೆಯ ಮೇಲೆ ಮರೆವ್ವ ಎರಡನೆಯ ಬುಟ್ಟಿ ಇಳಿಸುತ್ತಿದ್ದಳು.