ಕತ್ತರಿಯಣ್ಣನ ಮೂರನೇ ಪರೀಕ್ಷೆ

ಕತ್ತರಿಯಣ್ಣ ಎರಡು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಮಣ್ಣು ಮುಕ್ಕಿದ್ದು ಕಾರಿನೊಳಗಿನ ಅಂಗೈಯಗಲದ ಕನ್ನಡಿಯ ದೆಸೆಯಿಂದ. ಅರ್ಧ ಆಯುಸ್ಸನ್ನು ತನ್ನ ಕ್ಷೌರದಂಗಡಿಯಲ್ಲಿ ಕಳೆದವನಿಗೆ ಕನ್ನಡಿ ಕಂಡರೆ ಕಣ್ಣು ರಸ್ತೆಯ ಮೇಲೆ ನಿಲ್ಲುತ್ತದೆಯೇ? ಸೀಟಿನಲ್ಲಿ ಕೂತವನೇ ಅದನ್ನು ಪಕ್ಕದ ಇನ್ಸ್‌ಪೆಕ್ಟರ ತಲೆಯ ಕಡೆ ತಿರುಗಿಸಿಬಿಡುತ್ತಿದ್ದ. ಮೊದಲ ಸಲ, "ಕಿವಿ ಹತ್ರ ಒಂದು ಕಡೆ ಜಾಸ್ತಿ ಕತ್ತರಿಸ್ಬಿಟ್ಟಿದ್ದಾರಲ್ಲ, ಯಾರು ಸಾರ್ ಮಾಡಿದ್ದು?" ಎನ್ನುತ್ತಲೇ ಗಾಡಿಯನ್ನು ಬೇಲಿಗೆ ನುಗ್ಗಿಸಿದ. ಎರಡನೆಯ ಸಲ ಬಾಯಿ ಬಿಗಿಹಿಡಿದಿದ್ದ. ಆದರೆ ಕೈ ತಾನಾಗಿ ಹೋಗಿ ಇನ್ಸ್‌ಪೆಕ್ಟರ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿತ್ತು.

ಈ ಸಲ ಮಾತ್ರ ಆಕಾಶ ತಲೆಕೆಳಗಾದರೂ ಪಾಸಾಗಲೇಬೇಕು. ಕಾರಣ, ಭಾವಮೈದ. ಬೆವರು ಸುರಿಸಿ ಕಾರು ಕೊಂಡವನು ಕತ್ತರಿಯಣ್ಣ, ಸ್ಟೀರಿಂಗ್ ಹಿಡಿದವನು ಹೆಂಡತಿಯ ತಮ್ಮ. "ನಿಮ್ಗೆ ಲೈಸೆನ್ಸ್ ಇಲ್ವಲ್ಲ ಭಾವ, ಕಾನೂನು ಕಾನೂನೇ" ಎಂದು ಕೀಲಿಕೈಯನ್ನು ಬೆರಳಲ್ಲಿ ಗಿರಗಿರ ತಿರುಗಿಸುವನು. ಕತ್ತರಿಯಣ್ಣ ತನ್ನದೇ ಕಾರಿನ ಹಿಂದಿನ ಸೀಟಿನಲ್ಲಿ, ತರಕಾರಿ ಚೀಲದ ಪಕ್ಕ ಇನ್ನೊಂದು ಚೀಲದ ಹಾಗೆ ಕೂತಿರಬೇಕು. ಇದಕ್ಕಿಂತ ಅವಮಾನ ಬೇರೆ ಇದೆಯೇ?

ಪರೀಕ್ಷೆಯ ದಿನ ಬೆಳಿಗ್ಗೆಯೂ ಭಾವಮೈದ "ಅರ್ಜೆಂಟ್ ಕೆಲಸ" ಎಂದು ಕಾರು ಏರಿ ಹೋದ. "ಗೆದ್ದು ಬನ್ನಿ. ಅವನ ದರ್ಬಾರು ನಂಗೂ ಸಾಕಾಗಿದೆ" ಎಂದಳು ಹೆಂಡತಿ.

ಅಂಗಡಿಯಲ್ಲಿ ಪಕ್ಕದ ದರ್ಜಿ ಕಾದು ಕೂತಿದ್ದ. ಜನ್ಮದಲ್ಲಿ ಸೈಕಲ್ ತುಳಿಯದವನು ಈಗ ಗುರುವಾಗಿದ್ದ. "ಇನ್ನೊಂದ್ಸಲ ಅಭ್ಯಾಸ ಮಾಡ್ಬಿಡು. ನಾನು ಹೇಳ್ತೀನಿ, ನೀನು ತಿರುಗ್ಸು. ಬಲಕ್ಕೆ!"

ಕತ್ತರಿಯಣ್ಣನ ಕೈಯಲ್ಲಿ ಆಗ ಇದ್ದದ್ದು ಗಿರಾಕಿಯ ತಲೆ. ಅದನ್ನೇ ಬಲಕ್ಕೆ ತಿರುಗಿಸಿದ.

"ಎಡಕ್ಕೆ! ಯೂ ಟರ್ನ್!"

"ಕುತ್ತಿಗೆ ಕಣಯ್ಯಾ!" ಎಂದು ಗಿರಾಕಿ ಚೀರಿದ. ಅರ್ಧ ಮುಖದ ನೊರೆಯೊಂದಿಗೇ ಎದ್ದವನು, "ನೀನು ಪಾಸಾಗೋವರ್ಗೂ ಈ ಕಡೆ ಕಾಲಿಡಲ್ಲ" ಎಂದು ಬೀದಿಗಿಳಿದ. ಹೋದರೆ ಹೋಗಲಿ ಎಂದು ಕತ್ತರಿಯಣ್ಣ ಬಾಗಿಲೆಳೆದು ಬಸ್ಸು ಹತ್ತಿದ.

ಪರೀಕ್ಷೆಯ ಮೈದಾನದಲ್ಲಿ ಹೊಸ ಇನ್ಸ್‌ಪೆಕ್ಟರು. ಅವರ ಪದ್ಧತಿಯೇ ಬೇರೆ. ಮುಖ ನೋಡಿದರೆ ಕನಿಕರ ಹುಟ್ಟುತ್ತದೆಂದು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಹೆಸರನ್ನೂ ಕೇಳುತ್ತಿರಲಿಲ್ಲ. ಬೆಂಚಿನ ಮೇಲೆ ಸರದಿಯಂತೆ ಕೂರಬೇಕು, ಸರದಿಯಂತೆ ಬಂದು ಓಡಿಸಬೇಕು. ಕತ್ತರಿಯಣ್ಣ ಬಂದಾಗ ಅವನಿಗಿಂತ ಮೊದಲಿನ ಸರದಿಯವನ ಜಾಗ ಖಾಲಿಯಿತ್ತು.

"ಮುಂದಿನವರು!" ಎಂದು ಕೂಗು ಬಿತ್ತು. ಯಾರೂ ಏಳಲಿಲ್ಲ.

"ಯಾರ್ರೀ ಅದು, ನಿದ್ದೆನಾ?"

ಇನ್ನೆಲ್ಲಿ ತಡ! ಕತ್ತರಿಯಣ್ಣ ಚಂಗನೆ ಹೋಗಿ ಸ್ಟೀರಿಂಗ್ ಹಿಡಿದ. ಇನ್ಸ್‌ಪೆಕ್ಟರ ತಲೆಯೋ, ಇಲಿ ಮೇಯ್ದ ಹುಲ್ಲಿನ ಬಣವೆ. ಬೆರಳು ತುರಿಸಿತು, ನಾಲಿಗೆ ತುರಿಸಿತು. ಹಲ್ಲು ಕಚ್ಚಿ ರಸ್ತೆ ನೋಡಿದ. ಗಾಡಿ ಎಣ್ಣೆ ಹಚ್ಚಿದ ಕೂದಲಿನಲ್ಲಿ ಬಾಚಣಿಗೆ ಓಡಿದ ಹಾಗೆ ಓಡಿತು. ರಿವರ್ಸಿನಲ್ಲಿ ಒಂದು ಕಂಬವೂ ಅಲುಗಲಿಲ್ಲ.

"ಪಾಸು. ಒಳಗೆ ಕಿಟಕಿ ಹತ್ರ ಕಾಯಿ," ಎಂದರು ಇನ್ಸ್‌ಪೆಕ್ಟರು, ಸರದಿ ಪಟ್ಟಿಯಲ್ಲಿ ಗುರುತು ಹಾಕುತ್ತಲೇ.

ಕತ್ತರಿಯಣ್ಣನ ಕಣ್ಣು ತುಂಬಿ ಬಂತು. ಇನ್ನು ಮುಂದಿನ ಸೀಟು ತನ್ನದು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿ ಬೀದಿ ಸುತ್ತಬೇಕು, ಭಾವಮೈದನನ್ನು ಚೀಲದ ಪಕ್ಕ ತಳ್ಳಬೇಕು. ಅಷ್ಟರಲ್ಲಿ ಹೊರಗೆ ದಡಾರ್ ಎಂದು ಸದ್ದಾಯಿತು, ಕಂಬಗಳು ಉರುಳಿದವು. "ಪಾಪ, ಯಾವನೋ ಬಡಪಾಯಿ" ಎಂದು ಮರುಗಿದ.

ಕಿಟಕಿಯಲ್ಲಿ ಅವನ ಹೆಸರು ಕೂಗಿ, "ಫೇಲು" ಎಂದರು.

"ಏನ್ ತಮಾಷೆನಾ ಸ್ವಾಮಿ? ಪಾಸು ಅಂತ ಸಾಹೇಬ್ರೇ ಹೇಳಿದ್ರು!"

"ಅದು ನಿಮಗಿಂತ ಮೊದಲಿನ ಸರದಿಯವರಿಗೆ. ನಿಮ್ಮ ಸರದೀಲಿ ಮೂರು ಕಂಬ ಬಿದ್ದಿದೆ, ಸಾಕಲ್ವಾ?"

"ಮೊದಲಿನ ಸರದಿಯವನು ಬಂದೇ ಇರ್ಲಿಲ್ಲ! ಅವನ ಸರದೀಲಿ ಓಡ್ಸಿದ್ದು ನಾನು..."

ಅಷ್ಟರಲ್ಲಿ ಯಾರೋ ಬಂದು ಅವನ ಬಾಯಿ ಮುಚ್ಚಿ, ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿದರು. ಒಬ್ಬರ ಬದಲು ಇನ್ನೊಬ್ಬರು ಓಡಿಸಿದರೆ ಇಬ್ಬರಿಗೂ ಜೀವಮಾನವಿಡೀ ಲೈಸೆನ್ಸ್ ಇಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಕತ್ತರಿಯಣ್ಣ ತಿರುಗಿ ನೋಡಿದ. ಭಾವಮೈದ!

"ನೀನಿಲ್ಲಿ ಏನ್ಮಾಡ್ತಿದೀಯೋ?"

"ನಿಮಗಿಂತ ಮೊದಲಿನ ಸರದಿ ನಂದೇ. ನೀವು ಗೇಟಲ್ಲಿ ಬರ್ತಿರೋದು ನೋಡಿ ಮರ್ಯಾದೆ ಹೋಗುತ್ತೆ ಅಂತ ಟೀ ಅಂಗಡಿ ಹಿಂದೆ ಅವಿತುಕೊಂಡೆ ಭಾವ. ನೀವು ಒಳಗೆ ಹೋದ್ಮೇಲೆ ಬಂದು ಓಡ್ಸಿದೆ, ಹಾಳಾದ ಕಂಬಗಳು ಅಡ್ಡ ಬಂದ್ವು." ಅವನು ಬಗ್ಗಿ ಕತ್ತರಿಯಣ್ಣನ ಕಾಲು ಮುಟ್ಟಿದ. "ಇಷ್ಟು ವರ್ಷ ಲೈಸೆನ್ಸ್ ಇಲ್ದೆ ಓಡಿಸ್ತಾ ಪೊಲೀಸರನ್ನ ಕಂಡ್ರೆ ಜೀವ ಹೋಗ್ತಿತ್ತು. ನಿಮ್ಮ ಪುಣ್ಯ, ಇವತ್ತು ಲೈಸೆನ್ಸ್ ಆಯ್ತು. ಇನ್ಮೇಲೆ ಎಷ್ಟು ದೂರ ಬೇಕಾದ್ರೂ ನಾನೇ ಓಡಿಸ್ತೀನಿ!"